ಹಾಜರಿ ಪುಸ್ತಕ ಮುಚ್ಚುವ ಮುಂಚೆ

ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. ಶಾಲು, ಹಾರ ಬೇಡ ಅಂದಿದ್ದೇನೆ. ಕೇಳ್ತಾರೆ ಅನ್ನೋ ನಂಬಿಕೆ ಇಲ್ಲ. ಆದರೆ ಕೆಲವರಿಗೆ ನಾನು ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಶಾಲೆ ನಮ್ಮದು. ಅಂಗಳದಿಂದಲೇ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು ಅಂತ ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಿದ್ದರು. ಅವರಿಗೆ ಕಾಡು ಅಂದರೆ ರಾತ್ರಿ ಬಂದು ಜೋಳ ತುಳಿದು ಹೋಗುವ ಆನೆ, ಅಷ್ಟೇ.

ಒಬ್ಬ ಹುಡುಗ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಎಬ್ಬಿಸಿ ನಿಲ್ಲಿಸಿ ಚೆನ್ನಾಗಿ ಬೈದೆ. ಪಕ್ಕದವನು ಮೆಲ್ಲಗೆ ಹೇಳಿದ, "ಸಾ, ರಾತ್ರಿಯೆಲ್ಲಾ ಅವ್ರಪ್ಪನ್ ಜೊತೆ ಅಟ್ಟಣೆ ಮೇಲೆ ಹೊಲ ಕಾಯ್ತಿದ್ದ." ಸಂಜೆ ಅವರ ಹೊಲಕ್ಕೆ ಹೋದೆ. ಅರ್ಧ ಎಕರೆ ಜೋಳ ಚಾಪೆ ಹಾಸಿದ ಹಾಗೆ ಮಲಗಿತ್ತು. ಬೈದದ್ದು ನೆನಪಾಗಿ ಹುಡುಗನ ಮುಖ ನೋಡಲಾಗಲಿಲ್ಲ.

ಆ ಹೊಲಕ್ಕೆ ವೈಲ್ಡ್ ಸೇವೆಯ ಹುಡುಗರು ಬೈಕಲ್ಲಿ ಬಂದರು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2015ರಲ್ಲಿ ಶುರು ಮಾಡಿದ ಕೆಲಸ ಇದು. ಫೋನ್ ಮಾಡಿದರೆ ಹೊಲಕ್ಕೇ ಬರುತ್ತಾರೆ. ಅಳತೆ ತೆಗೆದು, ಫೋಟೊ ಹೊಡೆದು, ಪರಿಹಾರದ ಅರ್ಜಿ ತುಂಬಿಸಿಕೊಡುತ್ತಾರೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು. ಹುಡುಗನ ಅಪ್ಪ ಅದಕ್ಕಾಗಿ ಅಲೆದು ಸಾಕಾಗಿದ್ದರು. ಏನೇನು ಕಾಗದ ಬೇಕು ಅಂತ ಒಂದೇ ಸಲಕ್ಕೆ ಹೇಳಿದವರು ಇವರೇ ಮೊದಲು. ಪರಿಹಾರ ತಡವಾಗಿ ಬಂತು, ಕಮ್ಮಿಯೂ ಆಯಿತು. ಆದರೂ ಯಾರೋ ಬಂದು ಹೊಲದಲ್ಲಿ ನಿಂತರಲ್ಲ, ಅದು ದೊಡ್ಡದು.

ಅದೇ ಸಂಸ್ಥೆಯ ವೈಲ್ಡ್ ಶಾಲೆ ತಂಡ ಆಮೇಲೆ ನಮ್ಮ ತರಗತಿಗೂ ಬಂತು. 2018ರಲ್ಲಿ ಶುರುವಾದದ್ದು. ಆಟ, ಕತೆ, ಚಿತ್ರ. "ಕಾಡು ಉಳಿಸಿ" ಅಂತ ಘೋಷಣೆ ಕೂಗಿಸಲಿಲ್ಲ, ಪುಣ್ಯ! ಮೊದಲು ಹೊಲ ನೋಡಿದವರು ಅಲ್ವಾ, ಮಕ್ಕಳೂ ಕಿವಿಗೊಟ್ಟರು. ಆ ಹುಡುಗ ಅಟ್ಟಣೆ ಬರೆದ, ಟಾರ್ಚ್ ಹಿಡಿದ ಅಪ್ಪನನ್ನು ಬರೆದ, ಜೋಳದ ನಡುವೆ ಆನೆ ಬರೆದ. ಆನೆಯ ಹೊಟ್ಟೆ ಕೆಳಗೆ ಒಂದು ಮರಿ.

"ಮರಿ ಎಲ್ಲಿಂದ ಬಂತೋ?"

"ಇತ್ತು ಸಾ. ಅವತ್ತೂ ಇತ್ತು."

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿ ಮರೆಯೋ ಹಾಗಿಲ್ಲ. ಬೂದಿ ಶಾಲೆಯ ಅಂಗಳಕ್ಕೂ ಹಾರಿ ಬಂತು. ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಹಸಿ ಸೊಪ್ಪು ಹಿಡಿದು ನೆಲದಲ್ಲೇ ಬೆಂಕಿ ಬಡಿದ ವಾಚರ್‌ಗಳಿಗೆ, ಮೈಸೂರು, ಬೆಂಗಳೂರಿನಿಂದ ಓಡಿ ಬಂದ ಸ್ವಯಂಸೇವಕರಿಗೆ ಕೈಮುಗಿಯುತ್ತೇನೆ. ಕಾಡೆಲ್ಲಾ ಹಬ್ಬುವ ಲಂಟಾನ ಅನ್ನೋ ಕಳೆ ಪೊದೆ ಒಣಗಿದರೆ ಹೇಗೆ ಉರಿಯುತ್ತದೆ ಅಂತ ಆಗ ಕಂಡೆವು. ಅದರ ಅಡಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಅಂಥ ಲಂಟಾನ ಕಿತ್ತು ಹುಲ್ಲು ಬರಿಸುತ್ತಿರುವ ಜಂಗಲ್‌ಸ್ಕೇಪ್ಸ್ ಟ್ರಸ್ಟಿಗೆ, ಅವರ ಜೊತೆ ಬಿಸಿಲಲ್ಲಿ ದುಡಿಯುವ ಕಾಡಂಚಿನ ಊರುಗಳ ಜನರಿಗೆ ಕೂಡ.

ಆ ಹುಡುಗ ಈಗ ಪಿಯುಸಿ ಮುಗಿಸಿದ್ದಾನೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಕಣ್ಣು ಕೆಂಪಗಿತ್ತು.

"ಅಟ್ಟಣೆನಾ?"

"ಹೂಂ ಸಾ. ರಾಗಿ ತೆನೆ ಬಿಟ್ಟೈತೆ."

ಬೀಳ್ಕೊಡುಗೆಗೆ ಬಾ ಅಂದಿದ್ದೇನೆ. ತೂಕಡಿಸಿದರೆ ಈ ಸಲ ಬೈಯಲ್ಲ.