ರಿಮೋಟ್ ದೋಣಿಗೆ ಅಂಟೊಂದೇ ಸಾಲದು

ಮಾನ್ಯ ಸಂಪಾದಕರೇ,

ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ರಿಮೋಟ್ ದೋಣಿಗಳು ಈಗ ಸಾಮಾನ್ಯ. ಎನ್‌ಸಿಸಿ ನೌಕಾ ವಿಭಾಗದಲ್ಲಂತೂ ಹಡಗಿನ ಮಾದರಿ ತಯಾರಿಕೆ ತರಬೇತಿಯ ಭಾಗವೇ ಆಗಿದೆ, ನೌಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೂ ಇದೆ. ಆದರೆ ಮಕ್ಕಳ ದೋಣಿಗಳಲ್ಲಿ ಮೋಟಾರು, ಸರ್ವೊ (ಚುಕ್ಕಾಣಿ ತಿರುಗಿಸುವ ಪುಟ್ಟ ಯಂತ್ರ), ಮುಚ್ಚಳ ಎಲ್ಲವನ್ನೂ ಹಾಟ್ ಗ್ಲೂ, ಅಂದರೆ ಕಾಯಿಸಿ ಹಚ್ಚುವ ಅಂಟು, ಒಂದರಿಂದಲೇ ಹಿಡಿಸಿರುವುದು ಕಾಣುತ್ತದೆ. ಬಿಸಿಲಿಗೂ ಮೋಟಾರಿನ ಕಾವಿಗೂ ಆ ಅಂಟು ಮೆತ್ತಗಾಗುತ್ತದೆ, ನುಣುಪು ಪ್ಲಾಸ್ಟಿಕ್ಕಿನಿಂದ ಇಡಿಯಾಗಿ ಎದ್ದು ಬರುತ್ತದೆ. ಬಿಗಿಯಲು ಬೇಕಾದ ಸಾಮಾನು ಊರಿನ ಹಾರ್ಡ್‌ವೇರ್, ಎಲೆಕ್ಟ್ರಿಕಲ್, ಸೈಕಲ್ ಅಂಗಡಿಗಳಲ್ಲೇ ಸಿಗುತ್ತದೆ.

ಮೊದಲು ನೋಡಬೇಕಾದದ್ದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಮೋಟಾರಿನಿಂದ ಕೊಳವೆಯೊಂದರ ಮೂಲಕ ಹೊರಬಂದು ಪ್ರೊಪೆಲ್ಲರನ್ನು ತಿರುಗಿಸುವ ಸರಳು. ದೋಣಿ ಮುಂದೆ ಹೋಗುವಾಗ ಪ್ರೊಪೆಲ್ಲರ್ ಶಾಫ್ಟನ್ನು ಒಳಕ್ಕೆ ತಳ್ಳುತ್ತದೆ, ರಿವರ್ಸ್ ಕೊಟ್ಟಾಗ ಹೊರಕ್ಕೆ ಎಳೆಯುತ್ತದೆ. ಮೋಟಾರಿಗೂ ಶಾಫ್ಟಿಗೂ ಕೊಂಡಿಯಾದ ಕಪ್ಲಿಂಗಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ದುಂಡನೆಯ ಶಾಫ್ಟಿನ ಮೇಲೆ ಜಾರಿದರೆ ಶಾಫ್ಟ್ ಹಿಂದೆ ಸರಿದು ಪ್ರೊಪೆಲ್ಲರ್ ಚುಕ್ಕಾಣಿಗೆ ಬಡಿಯುತ್ತದೆ, ಕೊಳವೆಯೊಳಗಿಂದ ನೀರು ನುಗ್ಗುತ್ತದೆ. ಸ್ಕ್ರೂ ಕೂರುವ ಜಾಗದಲ್ಲಿ ಅರದಿಂದ ಉಜ್ಜಿ ಸಣ್ಣ ಸಮತಟ್ಟು ಮಾಡಿ. ಜೊತೆಗೆ ವೈರ್ ಜೋಡಿಸುವ ಕನೆಕ್ಟರ್ ಪಟ್ಟಿಯ ಪ್ಲಾಸ್ಟಿಕ್ ಸೀಳಿ ಒಳಗಿನ ಹಿತ್ತಾಳೆ ತುಂಡು ತೆಗೆಯಿರಿ. ಅದರಲ್ಲಿ ಎರಡು ಸ್ಕ್ರೂ ಇರುವುದರಿಂದ ಅದು ಶಾಫ್ಟಿಗೆ ಒಳ್ಳೆಯ ಕಾಲರ್ (ಸರಿಯದಂತೆ ತಡೆಯುವ ಉಂಗುರ) ಆಗುತ್ತದೆ. ದೋಣಿಯ ಒಳಬದಿಯಲ್ಲಿ, ಕೊಳವೆಯ ಬಾಯಿಗೆ ಒಂದು ತೆಳು ವಾಷರ್ ಇಟ್ಟು, ಕಾಗದದಷ್ಟು ಸಂದು ಬಿಟ್ಟು ಬಿಗಿಯಬೇಕು. ಅಳತೆ ಮುಖ್ಯ: ಅಂಗಡಿಗೆ ಶಾಫ್ಟನ್ನೇ ಒಯ್ದು, ಆಡದಂತೆ ಕೂರುವುದನ್ನು ಆರಿಸಿ. ವೇಗದ ಬ್ರಷ್‌ಲೆಸ್ ಮೋಟಾರಿಗೆ ಮಾತ್ರ ಈ ಕಾಲರ್ ಬೇಡ, ತೂಕ ಒಂದು ಬದಿಗೆ ವಾಲಿ ಶಾಫ್ಟ್ ನಡುಗುತ್ತದೆ.

ಚುಕ್ಕಾಣಿಯ ತಳ್ಳುಗೋಲಿಗೆ 2 ಮಿ.ಮೀ. ಸೈಕಲ್ ಕಡ್ಡಿ ಸಾಕು. ಅದರ ತುದಿಯ ಕವಲುಕೊಂಡಿ, ಅಂದರೆ ಕ್ಲೆವಿಸ್, ತಾನಾಗಿ ಬಿಚ್ಚಿಕೊಳ್ಳುವುದು ದೊಡ್ಡ ಕಾಟ. ಸೈಕಲ್ ಅಂಗಡಿಯ ವಾಲ್ ಟ್ಯೂಬಿನಿಂದ 4 ಮಿ.ಮೀ. ಅಗಲದ ಉಂಗುರ ಕತ್ತರಿಸಿ ಕ್ಲೆವಿಸಿನ ಎರಡು ಕವಲಿನ ಮೇಲೆ ತೊಡಿಸಿದರೆ ಬಾಯಿ ತೆರೆಯುವುದಿಲ್ಲ. ರಬ್ಬರ್ ಬಿರುಕು ಬಿಟ್ಟ ಕೂಡಲೇ ಬದಲಿಸಬೇಕು.

ಸರ್ವೊ ಸ್ಕ್ರೂಗಳು 3 ಮಿ.ಮೀ. ಪ್ಲೈವುಡ್ಡಿನಲ್ಲಿ ನಿಲ್ಲವು. ಕೆಳಗೆ 6 ಮಿ.ಮೀ. ಸಾಗುವಾನಿ ಪಟ್ಟಿ ಅಂಟಿಸಿ, 2 ಮಿ.ಮೀ. ಸ್ಕ್ರೂಗೆ 1.5 ಮಿ.ಮೀ. ತೂತು ಕೊರೆಯಿರಿ. ಒಮ್ಮೆ ಸ್ಕ್ರೂ ಹಾಕಿ ತೆಗೆದು, ತೂತಿಗೆ ಒಂದು ಹನಿ ಫೆವಿಕ್ವಿಕ್ ಬಿಟ್ಟು, ಪೂರ್ತಿ ಒಣಗಿದ ಮೇಲೆ ಮತ್ತೆ ತಿರುಗಿಸಿದರೆ ಮರದ ಎಳೆ ಗಟ್ಟಿಯಾಗಿ ಹಿಡಿತ ನಿಲ್ಲುತ್ತದೆ.

ಮುಚ್ಚಳಕ್ಕೆ 4 ಮಿ.ಮೀ. ಹಿತ್ತಾಳೆ ಬೋಲ್ಟನ್ನು ಡೆಕ್ಕಿನ ಅಡಿಯಿಂದ ಮೇಲಕ್ಕೆ ತೂರಿಸಿ, ತಲೆಯನ್ನು ಅರಲ್ಡೈಟಿನಿಂದ ಕೂರಿಸಿ. ಮುಚ್ಚಳದ ಮೇಲೆ ಚಾಚಿದ ತುದಿಗೆ 1.5 ಮಿ.ಮೀ. ಅಡ್ಡ ತೂತು ಕೊರೆದು ಸೇಫ್ಟಿ ಪಿನ್ ಚುಚ್ಚಿ. ಸ್ಟೀಲ್ ಬೋಲ್ಟ್ ಮನೆಯ ಡ್ರಿಲ್ಲಿಗೆ ಸುಲಭವಾಗಿ ಬಗ್ಗದು, ಸಣ್ಣ ಬಿಟ್ ಮುರಿಯಬಹುದು. ಮುಚ್ಚಳದ ಅಂಚಿನಡಿ ಸುತ್ತಲೂ ನೀರು ಹೀರದ ಸ್ಪಂಜಿನ ಪಟ್ಟಿ ಅಂಟಿಸಿದರೆ ಅದು ಮೇಲಕ್ಕೆ ಒತ್ತುತ್ತ ಪಿನ್ ಗಡಗಡಿಸದಂತೆ ಹಿಡಿಯುತ್ತದೆ, ನೀರನ್ನೂ ತಡೆಯುತ್ತದೆ. ಪಿನ್ನಿಗೊಂದು ನೂಲು ಕಟ್ಟಿರಲಿ, ಕೆರೆಗೆ ಬಿದ್ದದ್ದು ಸಿಗುವುದಿಲ್ಲ.

ಮೋಟಾರಿನ ಕಂಪನಕ್ಕೆ ಸಾದಾ ನಟ್ಟು ಸಡಿಲವಾಗುತ್ತದೆ. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಹಾಕಿ, ಬೋಲ್ಟಿನ ಎರಡು ಮರೆ (ಸುರುಳಿ ಗೆರೆ) ಹೊರಗೆ ಕಾಣುವಷ್ಟು ಬಿಗಿಯಿರಿ. ಸ್ಕ್ರೂ ಸಡಿಲವಾಗದಂತೆ ಹಚ್ಚುವ ನೀಲಿ ಅಂಟು, ಥ್ರೆಡ್ ಲಾಕರ್, ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಅದು ತಗುಲಿದರೆ ಸ್ಕ್ರೂ ಸುತ್ತ ಬಿರುಕು ಹಾಯುತ್ತದೆ. ಕಾರವಾರ, ಮಂಗಳೂರಿನ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಭಾಗಕ್ಕೆ ಸ್ಟೇನ್‌ಲೆಸ್ ಬೋಲ್ಟ್ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ನೈಲಾನ್ ವಾಷರ್ ಇರಲಿ, ಆಟ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆಯಿರಿ.

ಸ್ಪರ್ಧೆ ನಡೆಸುವ ಶಾಲೆಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬಣ್ಣಕ್ಕೂ ಅಂದಕ್ಕೂ ಅಂಕ ಕೊಡುವ ಮೊದಲು, ಬ್ಯಾಟರಿ ಸಮೇತ ದೋಣಿಯನ್ನು ತಲೆಕೆಳಗು ಹಿಡಿದು ಅಲುಗಿಸಿ ನೋಡಿ. ಒಳಗೆ ಏನಾದರೂ ಸದ್ದು ಮಾಡಿದರೆ, ನೀರಿಗಿಳಿಸುವ ಮೊದಲು ಅದನ್ನು ಬಿಗಿಯಲು ಮಕ್ಕಳಿಗೆ ಸಮಯ ಕೊಡಿ.

– ಮಾದರಿ ದೋಣಿ ಹವ್ಯಾಸಿಗಳು, ಮಂಗಳೂರು