ಬೆಳ್ಳಿಯಂಗಡಿಯ ಬೆಂಚಿನಲ್ಲಿದ್ದ ಯಜಮಾನರಿಗೆ

ಅಜ್ಜನ ಚೀಲದಲ್ಲಿ ಹಳೆಯ ಕಾಸು, ಆಣೆಗಳ ಜೊತೆ ಸಿಕ್ಕ ಎರಡು ಬಿಲ್ಲೆಗಳು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡರ ಮೇಲೂ ಬೆಲೆ ನಮೂದಿಲ್ಲ. ಅಂಗಡಿಯವರು ದೊಡ್ಡದನ್ನು ತಕ್ಕಡಿಗೆ ಹಾಕಿ ಕರಗಿಸುವ ಲೆಕ್ಕದಲ್ಲಿ ದರ ಹೇಳಿದರು. ನಾನು ಹೂಂ ಅನ್ನಬೇಕು, ಅಷ್ಟರಲ್ಲಿ ಪಕ್ಕದ ಬೆಂಚಿನಿಂದ ನೀವು "ಒಂದ್ನಿಮಿಷ ತಡೀರಿ, ನೋಡೋಣ" ಅಂದಿರಿ.

ಕರವಸ್ತ್ರ ತೆಗೆದು ತೊಡೆಯ ಮೇಲೆ ಹಾಸಿದಿರಿ. ಬಿಲ್ಲೆಯ ಅಂಚನ್ನಷ್ಟೇ ಹಿಡಿದು, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ತಂದುಕೊಂಡಿರಿ. ಒಂದು ಕಡೆ ಐದನೇ ಜಾರ್ಜ್, ರಾಣಿ ಮೇರಿ, ಸುತ್ತ ಹೂಮಾಲೆ; ಹಿಂದೆ ಪರ್ಷಿಯನ್ ಬರಹ. "ನಾಣ್ಯ ಅಲ್ಲಮ್ಮ, 1911ರ ದೆಹಲಿ ದರ್ಬಾರಿನ ಪದಕ." ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಹೋಗುವುದೆಂದು ಸಾರಿದ ದರ್ಬಾರು ಅದು. ಹೆಸರು ಕೆತ್ತದೆಯೇ ಕೊಡುತ್ತಿದ್ದರಂತೆ, ಕೆಲವರು ತಾವೇ ಕೆತ್ತಿಸಿಕೊಂಡರಂತೆ. ಅದಕ್ಕೇ ಅಂಚನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಿರಿ. ನಮ್ಮದರಲ್ಲಿ ಏನೂ ಇರಲಿಲ್ಲ. (ಅಜ್ಜನ ಚೀಲಕ್ಕೆ ಹೇಗೆ ಬಂತೋ, ದೇವರೇ ಬಲ್ಲ.)

ಚಿಕ್ಕ ಹಿತ್ತಾಳೆಯದು ರಾಮಟಂಕ. ಪಟ್ಟಾಭಿಷೇಕದ ಚಿತ್ರವಿರುವ ಅದು ಪೂಜೆಗೇ ಹೊರತು ಚಲಾವಣೆಗಲ್ಲ ಎಂದಿರಿ. ವಾಪಸ್ ಕೊಡುವ ಮುನ್ನ ಕಣ್ಣಿಗೊತ್ತಿಕೊಂಡಿರಿ.

"ಹುಣಸೆಹಣ್ಣು ಹಚ್ಚಿ ಉಜ್ಜೋಕೆ ಹೋಗ್ಬೇಡಿ ಮತ್ತೆ" ಎನ್ನುತ್ತಾ ಎದ್ದಿರಿ. ಕಾಫಿಗೆ ಕರೆದರೂ ನಿಲ್ಲಲಿಲ್ಲ. ಪದಕವನ್ನು ಪರ್ಸಿಗೆ ಸೇರಿಸಿ ಜಿಪ್ ಎಳೆದ ಮೇಲೆಯೇ ನನಗೆ ಸರಿಯಾಗಿ ಉಸಿರು ಬಂದದ್ದು. ಅಂಗಡಿಯ ಮೆಟ್ಟಿಲ ಮೇಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಆಕೆ ನಿಮಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ, ನನ್ನದೂ ಸೇರಿಸಿಕೊಳ್ಳಿ.