ಆಫ್ರಿಕಾದಿಂದ ಬಂದವರ ಜ್ವರಕ್ಕೆ ಮಲೇರಿಯಾ ಕಿಟ್ ಒಂದೇ ಸಾಲದು

ಮಾನ್ಯರೇ,

ಎಣ್ಣೆ, ಗಿಡಮೂಲಿಕೆ ಮಾರಲು ನಮ್ಮ ಹಕ್ಕಿಪಿಕ್ಕಿ ಜನ ಆಫ್ರಿಕಾದವರೆಗೂ ಹೋಗುತ್ತಾರೆಂಬುದು ಎಷ್ಟೋ ಮಂದಿಗೆ ತಿಳಿದದ್ದು 2023ರಲ್ಲಿ, ಅವರು ಸುಡಾನ್‌ನಲ್ಲಿ ಸಿಕ್ಕಿಕೊಂಡಾಗ. ಇಂಥವರು ಊರಿಗೆ ಮರಳಿದ ಮೂರು ತಿಂಗಳೊಳಗೆ ಜ್ವರವೆಂದು ಬಂದರೆ ವೈದ್ಯರು ಮೊದಲು ಕೇಳಬೇಕಾದದ್ದು, 'ಎಲ್ಲಿಗೆ ಹೋಗಿದ್ದಿರಿ?' ಕೇಳದಿದ್ದರೆ ಡೆಂಗಿ, ಟೈಫಾಯ್ಡ್ ಎನ್ನುತ್ತಲೇ ನಾಲ್ಕು ದಿನ ಕಳೆದುಹೋಗುತ್ತವೆ. ಮಲೇರಿಯಾದ ಅಪಾಯಕಾರಿ ಬಗೆಯಾದ ಫಾಲ್ಸಿಪಾರಂ ಮಿದುಳು, ಮೂತ್ರಪಿಂಡಕ್ಕೆ ಏರಲು ಅಷ್ಟು ಸಾಕು.

ನಮ್ಮಲ್ಲಿ ಬಳಸುವ ಮಲೇರಿಯಾ ಪರೀಕ್ಷೆಯ ಕಿಟ್ ಫಾಲ್ಸಿಪಾರಂ, ವೈವಾಕ್ಸ್ ಎಂಬ ಎರಡು ಬಗೆಯ ರೋಗಾಣುಗಳನ್ನು ಹುಡುಕಲೆಂದೇ ಮಾಡಿದ್ದು. ಆಫ್ರಿಕಾದ ಓವೇಲ್ ಎಂಬ ಇನ್ನೊಂದು ಬಗೆ ಅದರಲ್ಲಿ ತಪ್ಪಿಸಿಕೊಳ್ಳಬಹುದು. ಇನ್ನೊಂದು ತೊಡಕಿದೆ. ಕಿಟ್‌ನಲ್ಲಿ ಫಾಲ್ಸಿಪಾರಂ ಇದೆಯೆಂದು ತೋರುವ ಗೆರೆ ಮೂಡುವುದು ಎಚ್‌ಆರ್‌ಪಿ-2 ಎಂಬ ಪ್ರೋಟೀನಿನಿಂದ. ಎರಿಟ್ರಿಯಾ, ಇಥಿಯೋಪಿಯಾ ಕಡೆಯ ಕೆಲವು ರೋಗಾಣುಗಳಲ್ಲಿ ಆ ಪ್ರೋಟೀನಿನ ಜೀನೇ ಇಲ್ಲ. ರೋಗಿ ಕಂಗೆಟ್ಟು ಮಲಗಿದ್ದರೂ ಕಿಟ್ 'ನೆಗೆಟಿವ್' ತೋರಿಸೀತು. ಆದ್ದರಿಂದ ದಪ್ಪ, ತೆಳು ಎರಡೂ ಬಗೆಯ ರಕ್ತಲೇಪನ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕಾಣದಿದ್ದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ, ಹೀಗೆ ಮೂರು ಸಲ.

ಔಷಧದಲ್ಲೂ ಎಚ್ಚರ ಬೇಕು. ಈಶಾನ್ಯ ರಾಜ್ಯಗಳ ಹೊರಗೆ ಫಾಲ್ಸಿಪಾರಂಗೆ ಕೊಡುತ್ತ ಬಂದಿರುವುದು ಆರ್ಟೆಸುನೇಟ್ ಜೊತೆ ಸಲ್ಫಾಡಾಕ್ಸಿನ್–ಪೈರಿಮೆಥಮಿನ್. ಆಫ್ರಿಕಾದ ಬಹುಭಾಗದಲ್ಲಿ ಈ ಎರಡನೆಯ ಔಷಧಕ್ಕೆ ರೋಗಾಣು ಬಗ್ಗುವುದಿಲ್ಲ. ಅಲ್ಲಿಂದ ಬಂದವರಿಗೆ ಆರ್ಟಿಮೆಥರ್–ಲ್ಯೂಮೆಫ್ಯಾಂಟ್ರಿನ್ ಕೊಡುವುದೇ ಸರಿ: ಮೂರು ದಿನ, ದಿನಕ್ಕೆರಡು ಹೊತ್ತು, ಹಾಲು ಅಥವಾ ಜಿಡ್ಡಿರುವ ಊಟದೊಂದಿಗೆ. ಬರಿಹೊಟ್ಟೆಯಲ್ಲಿ ನುಂಗಿದರೆ ಲ್ಯೂಮೆಫ್ಯಾಂಟ್ರಿನ್ ಸರಿಯಾಗಿ ರಕ್ತಕ್ಕೆ ಸೇರದು, ಜ್ವರ ಮರುಕಳಿಸುತ್ತದೆ. ಪ್ರಜ್ಞೆ ಮಸುಕಾದರೆ, ಮಾತ್ರೆ ವಾಂತಿಯಾಗುತ್ತಿದ್ದರೆ ತಡಮಾಡದೆ ಆರ್ಟೆಸುನೇಟ್ ಚುಚ್ಚುಮದ್ದು. ಜೊತೆಗೆ ಗರ್ಭಿಣಿಯರಲ್ಲದ ವಯಸ್ಕರಿಗೆ ಪ್ರೈಮಾಕ್ವಿನ್ 45 ಮಿ.ಗ್ರಾಂ. ಒಂದೇ ಸಲ, ಇದನ್ನು ಮರೆತರೆ ಇಲ್ಲಿನ ಅನಾಫಿಲಿಸ್ ಸೊಳ್ಳೆ ಆ ರೋಗಾಣುವನ್ನು ನೆರೆಮನೆಗೆ ಒಯ್ಯಬಹುದು.

ಇದೆಲ್ಲ ಬರದಂತೆ ತಡೆಯಲು ಒಂದು ಒಳ್ಳೆಯ ಅವಕಾಶ ಕೈಯಲ್ಲೇ ಇದೆ. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು. ಆ ಲಸಿಕಾ ಕೇಂದ್ರದಲ್ಲೇ ಮಲೇರಿಯಾ ತಡೆ ಮಾತ್ರೆಯನ್ನೂ ಕೈಗಿಟ್ಟು, ಕನ್ನಡದಲ್ಲಿ ತಿಳಿಹೇಳಿ ಕಳುಹಿಸಬಾರದೇ? 2016ರಲ್ಲಿ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದ ಶ್ರೀಲಂಕಾ ತನ್ನ ಪ್ರಯಾಣಿಕರಿಗೆ ಇಂಥ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಆರು ವಾರದೊಳಗಿನ ಪ್ರಯಾಣಕ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೊಂದು, ಹೊರಡುವ ಎರಡು ದಿನ ಮೊದಲಿನಿಂದ ಮರಳಿದ ನಾಲ್ಕು ವಾರದವರೆಗೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದು ಸಲ್ಲದು. ಮನೆ ಸೇರಿದೆವೆಂದು ಆ ಕೊನೆಯ ನಾಲ್ಕು ವಾರದ ಮಾತ್ರೆ ಬಿಡುವವರೇ ಹೆಚ್ಚು. ಲಸಿಕೆಯ ದಿನವೇ ಒತ್ತಿ ಹೇಳಬೇಕಾದದ್ದು ಅದನ್ನು.

– ಒಬ್ಬ ವೈದ್ಯ, ಶಿವಮೊಗ್ಗ